ತಂಗಿಯ ಕೆಂಡ

ಹೊಗೆಮೀನು ಸಂಘದ ಸಭೆಯಲ್ಲಿ ಎಲ್ಲರಿಗಿಂತ ಮೊದಲು ಎದ್ದದ್ದು ಒಂದು ಕುರ್ಚಿ. ಎದ್ದು, ಹರಾಜು ಶೆಡ್ಡಿನ ತಗಡಿನ ಸೂರಿಗೆ ಬಡಿದು, ಅಧ್ಯಕ್ಷರ ಮೇಜಿನ ಮೇಲೆ ಬಿದ್ದು ಕಾಲು ಮುರಿದುಕೊಂಡಿತು. ಎಸೆದವಳು ಅಧ್ಯಕ್ಷನ ಒಡಹುಟ್ಟಿದ ತಂಗಿ. ಅಧ್ಯಕ್ಷ, ಅಂದರೆ ಅಣ್ಣ, ಆಗಷ್ಟೇ ಓದಿ ಮುಗಿಸಿದ್ದ ಸಾಲು ಇಷ್ಟೇ: ಇಟ್ಟಿಗೆ ಗೋಡೆಯ ಹೊಗೆಮನೆಯಲ್ಲಿ ತಯಾರಾದ ಮೀನಿಗೆ ಮಾತ್ರ ಇನ್ನು ಮುಂದೆ ಊರಿನ ಹೆಸರು.

ಊರಲ್ಲಿ ಮಣ್ಣುಗೋಡೆಯ ಹೊಗೆಮನೆ ಉಳಿದಿದ್ದದ್ದು ಒಂದೇ. ಅದು ತಂಗಿಯದು.

ಆ ಊರು ಬದುಕಿದ್ದೇ ಹೊಗೆಯಿಂದ. ಅಳಿವೆಯಲ್ಲಿ ಸಿಗುವ ಕೊಬ್ಬಿನ ಮೀನನ್ನು ಹೊಟ್ಟೆ ಸೀಳಿ, ಉಪ್ಪುನೀರಿನಲ್ಲಿ ನೆನೆಸಿ, ಕೊಕ್ಕೆಗೆ ನೇತುಹಾಕಿ, ಕೆಳಗೆ ಕೆಂಡದ ಮೇಲೆ ಒದ್ದೆ ಮರದ ಹೊಟ್ಟು ಸುರಿದು ಬಾಗಿಲು ಮುಚ್ಚಿದರೆ, ಒಳಗಿನಿಂದ ಹಳೆ ತಾಮ್ರದ ಬಣ್ಣದ ಮೀನು ಹೊರಬರುತ್ತಿತ್ತು. ಉರಿ ಏಳಬಾರದು, ಕೆಂಡ ಆರಬಾರದು, ಹೊಗೆ ಮಾತ್ರ ಇರಬೇಕು. ಊರಿನ ಹೆಸರು ಹೇಳಿದರೆ ದೂರದವರಿಗೆ ನೆನಪಾಗುತ್ತಿದ್ದದ್ದು ಮೀನು. ಅದೇ ಹೆಸರಿನ ಊರೂ ಒಂದಿದೆ, ಅಲ್ಲಿ ಹೊಗೆ ಕುಡಿದು ಕೆಮ್ಮುವ ಜನ ಇದ್ದಾರೆ ಎಂದು ಎಷ್ಟೋ ಮಂದಿಗೆ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಸಮುದ್ರದಾಚೆಯ ದೇಶದ ಒಂದು ಕಾರ್ಖಾನೆಗೆ. ಅಲ್ಲಿ ಮೀನಿಗೆ ಯಂತ್ರದಿಂದ ಹೊಗೆಬಣ್ಣದ ನೀರು ಹಚ್ಚಿ, ಮೇಲೆ ಈ ಊರಿನ ಹೆಸರು ಅಚ್ಚು ಹಾಕಿ, ಲೋಕಕ್ಕೆಲ್ಲ ಮಾರುತ್ತಿದ್ದರು. ಮದುವೆ ಇವರದು, ಊಟ ಅವರದು.

ಈಗ ಎರಡು ದೇಶಗಳು ವ್ಯಾಪಾರದ ಒಪ್ಪಂದಕ್ಕೆ ಕೂತಿದ್ದವು. ಯಾವ ತಿನಿಸಿನ ಹೆಸರು ಯಾರಿಗೆ ಸೇರಬೇಕೆಂಬುದೂ ಆ ಮಾತುಕತೆಯೊಳಗೆ ಬಂದಿತ್ತು. ಹೆಸರು ಎಂದರೆ ಬೌದ್ಧಿಕ ಆಸ್ತಿ ಎಂದು ರಾಜಧಾನಿಯಿಂದ ಬಂದ ಸಾಹೇಬರು ವಿವರಿಸಿದಾಗ, ಐಸ್ ಫ್ಯಾಕ್ಟರಿಯಲ್ಲಿ ಗಡ್ಡೆ ಒಡೆಯುವ ತಂಗಿಯ ಗಂಡ, ಊರವರ ಬಾಯಲ್ಲಿ ಐಸಪ್ಪ, ಬುದ್ಧಿಗೂ ಪಾಲು ಮಾಡೋದಾದ್ರೆ ನಮ್ಮ ಮನೇಲಿ ಜಗಳ ಬೇಗ ಮುಗಿಯುತ್ತೆ ಎಂದು ನಗಿಸಿದ್ದ. ಸಾಹೇಬರು ನಗಲಿಲ್ಲ. ಏನು ಕೇಳಿದರೂ ಅವರ ಉತ್ತರ ‘ನೋಡೋಣ’. ಬಂದ ಮರುದಿನವೇ ಊರು ಅವರಿಗೆ ‘ನೋಡೋಣ ಸಾಹೇಬ’ ಎಂದು ಹೆಸರಿಟ್ಟಿತು. ಹೆಸರು ಉಳಿಯಬೇಕಾದರೆ ಎಲ್ಲರ ಪದ್ಧತಿ ಒಂದೇ ಇರಬೇಕು, ಒಂದು ಕಡೆ ಇಟ್ಟಿಗೆ, ಇನ್ನೊಂದು ಕಡೆ ಮಣ್ಣು ಎಂದರೆ ಆಚೆಯವರ ವಕೀಲರು ಅದನ್ನೇ ಹಿಡಿದು ಹರಿಯುತ್ತಾರೆ, ನಿಯಮ ಬರೆದುಕೊಳ್ಳಿ ಎಂದಿದ್ದರು ಅವರು. ಅಣ್ಣ ಬರೆದ. ಅಪ್ಪ ಸಾಯುವಾಗ ಹಳೆಯ ಹೊಗೆಮನೆಯನ್ನು ಮಗಳಿಗೆ ಕೊಟ್ಟು ಮಗನಿಗೆ ಬರೀ ಜಾಗ ಕೊಟ್ಟಿದ್ದ. ಆ ಜಾಗದಲ್ಲಿ ಇಟ್ಟಿಗೆ ಕಟ್ಟಿಸಿದವನ ಪೆನ್ನಿನಲ್ಲಿ ಶಾಯಿಯ ಜೊತೆ ಇನ್ನೂ ಏನೇನೋ ಇತ್ತು.

“ನಿನ್ನ ಮಣ್ಣು ಗುಡಿಸಲು ತೋರಿಸಿದ್ರೆ ಆ ವಕೀಲರು ಮುಖಕ್ಕೆ ಉಗೀತಾರೆ,” ಎಂದ ಅಣ್ಣ, ಮುರಿದ ಕುರ್ಚಿಯನ್ನು ಕಾಲಿಂದ ತಳ್ಳಿ.

“ಆ ಗುಡಿಸಲಿನ ಹೊಗೆ ಮಾರಿ ಅಪ್ಪ ನಿನಗೆ ಅಕ್ಷರ ಕಲಿಸಿದ. ಆ ಅಕ್ಷರದಲ್ಲೇ ನನ್ನ ಹೆಸರು ಹೊಡೆದುಹಾಕ್ತೀಯಾ?”

ಅವನು ಮೇಜು ದಾಟಿ ಬಂದು ಅವಳ ಜಡೆ ಹಿಡಿದ. ಅವಳು ಸೊಂಟದಲ್ಲಿದ್ದ ಮೀನಿನ ಕೊಕ್ಕೆ ತೆಗೆದು ಅವನ ಭುಜಕ್ಕೆ ಹಾಕಿ ಎಳೆದಳು. ಅಂಗಿಯ ಜೊತೆ ಚರ್ಮವೂ ಬಂತು. ಇಬ್ಬರೂ ಮೀನಿನ ನೀರಿನಲ್ಲಿ ಜಾರಿ ಬಿದ್ದರು. ಏಳಲು ಅವಳು ಐಸ್ ಪೆಟ್ಟಿಗೆಯ ಅಂಚು ಹಿಡಿದಳು. ಅಣ್ಣ ಪೆಟ್ಟಿಗೆಯ ಕಬ್ಬಿಣದ ಮುಚ್ಚಳವನ್ನು ಎರಡೂ ಕೈಯಿಂದ ಎತ್ತಿ ಆ ಬಲಗೈ ಮೇಲೆ ಅಪ್ಪಳಿಸಿದ. ಟಕ್ ಎಂದಿತು. ಶೆಡ್ಡಿನಲ್ಲಿದ್ದವರೆಲ್ಲ ಒಳಗಿನ ಗಡ್ಡೆ ಒಡೆಯಿತು ಅಂದುಕೊಂಡರು. ಅದು ಐಸಿನ ಸದ್ದಲ್ಲ ಎಂದು ಐಸಪ್ಪನಿಗೆ ಮಾತ್ರ ಗೊತ್ತಾಯಿತು. ಅವನು ಹಿಂದಿನ ಸಾಲಿನಿಂದ ಕಿರುಚಿದ.

ರಕ್ತ ಒರೆಸಿದ ಮೇಲೆ ನಿಯಮಕ್ಕೆ ಒಪ್ಪಿಗೆ ಇರುವವರ ಕೈ ಎತ್ತಿಸಿದರು. ವಿರೋಧ ಇರುವವರ ಕೈಯನ್ನೂ ಎತ್ತಿಸಿದರು. ತಂಗಿಯ ಕೈ ಬಟ್ಟೆಯಲ್ಲಿ ಸುತ್ತಿತ್ತು, ಅದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ.

ಮರುದಿನ ಬೆಳಿಗ್ಗೆ ಸಂಘದ ಗಂಡಸರು ಬಾಚಿ ಹಿಡಿದು ಅವಳ ಮನೆಗೆ ಬಂದರು. ಅಂಗಳದಲ್ಲಿ ಜೋಡಿಸಿದ್ದ ಮರದ ಪೆಟ್ಟಿಗೆಗಳ ಮೇಲೆ ಕಾಯಿಸಿದ ಕಬ್ಬಿಣದಿಂದ ಒತ್ತಿದ್ದ ಊರಿನ ಹೆಸರನ್ನು ಕೆತ್ತಿ ಕೆತ್ತಿ ತೆಗೆದರು. ಅವರಲ್ಲಿ ಅರ್ಧ ಮಂದಿ ಅವಳ ಕೈಯಡುಗೆ ಉಂಡು ಬೆಳೆದವರು. ತಡೆಯಲು ಹೋದ ಐಸಪ್ಪನನ್ನು ಗೋಡೆಗೆ ಒತ್ತಿ ಹಿಡಿದು, ಭಾವ, ಸುಮ್ಮನಿರಿ, ಕಾನೂನು ಅಂದರು. ಮರದ ಚೂರು ಅಂಗಳ ತುಂಬ ಹಾರಿತು. ಅವರು ಹೋದ ಮೇಲೆ ತಂಗಿ ಚೂರುಗಳನ್ನೆಲ್ಲ ಎಡಗೈಯಲ್ಲಿ ಗುಡಿಸಿ, ನೀರು ಚಿಮುಕಿಸಿ, ಒಲೆಗೆ ಸುರಿದಳು.

“ಹೆಸರಿಗೂ ಹೊಗೆ ಬರುತ್ತೆ ಕಣ್ರೀ,” ಎಂದಳು ಗಂಡನಿಗೆ.

ಅವತ್ತಿಂದ ಅವಳ ಮೀನು ಹೆಸರಿಲ್ಲದೆ ಬುಟ್ಟಿಯಲ್ಲಿ ಹೋಯಿತು. ಬೀದಿ ಮಾರಾಟದವರು ಹೇಳಿದ ಬೆಲೆಗೆ ಒಯ್ಯುತ್ತಿದ್ದರು. ಪಕ್ಕದ ಪೇಟೆಯಲ್ಲಿ ಅದನ್ನು ‘ಅನಾಥ ಮೀನು’ ಎಂದು ಕರೆಯುತ್ತಾರೆ ಎಂದು ಕೇಳಿದ ದಿನ ಅವಳು ಉಣ್ಣಲಿಲ್ಲ. ಅವಳಿಗೆ ಬೇಕಿದ್ದದ್ದು ಒಂದೇ: ಅಪ್ಪನ ಒಲೆಯಿಂದ ಬಂದ ಮೀನು ಅಪ್ಪನ ಊರಿನ ಹೆಸರಲ್ಲಿ ಹೋಗಬೇಕು.

ಆ ಒಲೆಯ ಬಗ್ಗೆ ಒಂದು ಮಾತು ಹೇಳಬೇಕು. ಈ ಕಸುಬಿನಲ್ಲಿ ಬೆಂಕಿ ಹಚ್ಚುವುದಿಲ್ಲ, ತರುತ್ತಾರೆ. ಕಡ್ಡಿ ಗೀರಿ ಹಚ್ಚಿದ ಹೊಸ ಬೆಂಕಿಯ ಹೊಗೆ ಕಹಿ. ಅದು ಹದಕ್ಕೆ ಬರುವಷ್ಟರಲ್ಲಿ ಎಷ್ಟೋ ಮೀನು ಹಾಳಾಗುತ್ತದೆ. ಹಾಗಾಗಿ ಒಲೆ ಆರಿದವರು ಕಬ್ಬಿಣದ ಬಾಂಡ್ಲಿ ಹಿಡಿದು ಇನ್ನೊಬ್ಬರ ಬಾಗಿಲಿಗೆ ಹೋಗುತ್ತಾರೆ. ಕೇಳಿದವರಿಗೆ ಇಲ್ಲ ಅನ್ನುವಂತಿಲ್ಲ, ಯಾವ ಒಲೆಗೆ ಎಂದು ಕೇಳುವಂತಿಲ್ಲ. ತಂದವರು ಅದನ್ನು ತಮ್ಮ ಒಲೆಗೆ ಸುರಿಯುವಾಗ ಯಾರ ಕೆಂಡ ಎಂದು ಗಟ್ಟಿಯಾಗಿ ಹೇಳಬೇಕು. ಹೇಳದೆ ಸುರಿದರೆ ಅದು ಕದ್ದ ಕೆಂಡ, ಅಂಥ ಮೀನನ್ನು ನಾಯಿಯೂ ಮೂಸುವುದಿಲ್ಲ. ಅಜ್ಜನ ಕಾಲದಲ್ಲಿ ಬೇಲಿ ಜಗಳಕ್ಕೆ ಒಬ್ಬ ಇನ್ನೊಬ್ಬನ ಕಿವಿ ಕೊಯ್ದಿದ್ದನಂತೆ. ಬೆಳಗಾಗುವಷ್ಟರಲ್ಲಿ ಕೊಯ್ದವನ ಒಲೆ ಆರಿತು. ಬಾಂಡ್ಲಿ ಹಿಡಿದು ಕಿವಿ ಹೋದವನ ಬಾಗಿಲಿಗೇ ಬಂದ. ತಲೆಗೆ ಬಟ್ಟೆ ಕಟ್ಟಿಕೊಂಡೇ ಅವನು ಕೆಂಡ ಕೊಟ್ಟ. ಇವನು ಮನೆಗೆ ಹೋಗಿ ‘ಒಂಟಿಕಿವಿಯವನ ಕೆಂಡ’ ಎಂದು ಬೀದಿಗೆಲ್ಲ ಕೇಳುವಂತೆ ಕೂಗಿ ಸುರಿದುಕೊಂಡ. ಆಮೇಲೆ ಇಬ್ಬರೂ ಕೋರ್ಟಿಗೆ ಹೋದರು. ಕೋರ್ಟು ಬೇರೆ, ಒಲೆ ಬೇರೆ.

ಆಚೆ ದೇಶದವರು ಪರೀಕ್ಷೆಗೆ ಬರುತ್ತಾರೆ ಎಂದು ಗೊತ್ತಾದಾಗ ನೋಡೋಣ ಸಾಹೇಬರು ಸ್ವಚ್ಛತೆ ಕಾಣಬೇಕು ಅಂದರು. ಇಡೀ ಊರು ಮರುಳಾಯಿತು. ಇಟ್ಟಿಗೆ ಮನೆಯವರೆಲ್ಲ ಒಲೆ ಆರಿಸಿ, ತಲೆಮಾರಿನ ಮಸಿಯನ್ನು ಗೋಡೆಯಿಂದ ಕೆರೆದು, ಒಳಗೂ ಹೊರಗೂ ಸುಣ್ಣ ಬಳಿದರು. ಹೊಗೆಮನೆಗೆ ಸುಣ್ಣ, ಕಾಗೆಗೆ ಸ್ನಾನ. ಪರೀಕ್ಷೆ ನಡೆಯುವುದು ಅಧ್ಯಕ್ಷನ ಮನೆಯಲ್ಲಿ, ಅವನ ಒಲೆ ಒಂದು ಉರಿಯುತ್ತಿದ್ದರೆ ಸಾಕು, ಆಮೇಲೆ ಎಲ್ಲರೂ ಅಲ್ಲಿಂದಲೇ ತಂದುಕೊಂಡರಾಯಿತು ಎಂದು ಲೆಕ್ಕ. ಮಣ್ಣು ಮನೆಯ ಒಲೆಯನ್ನು ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ.

ಬಂದವಳು ಒಬ್ಬ ವಕೀಲೆ, ಜೊತೆಗೆ ಫೋಟೊ ತೆಗೆಯುವವನು, ಭಾಷೆ ತಿರುಗಿಸಿ ಹೇಳುವ ಒಬ್ಬ ದುಭಾಷಿ. ವಕೀಲೆ ಮೊಣಕಾಲುದ್ದದ ರಬ್ಬರ್ ಬೂಟು ಹಾಕಿ, ಎಲ್ಲರಿಗೂ ಕೈಮುಗಿದು, ಮೀನಿನ ವಾಸನೆಗೆ ಮೂಗು ಮುಚ್ಚದೆ ಬಂದಳು. ಅದೇ ಭಯ ಹುಟ್ಟಿಸಿತು. ಫೋಟೊದವನಿಗೆ ಬೆಳಕು ಸಾಲದು, ಬಾಗಿಲು ತೆಗೆದಿಡಿ ಎಂದಳು ಅವಳು. ಕೆಲಸ ನಡೆಯುವಾಗ ಬಾಗಿಲು ತೆಗೆಯಬಾರದು ಎಂದು ಅಣ್ಣನಿಗೆ ಗೊತ್ತು. ಸಾಹೇಬರ ಮುಖ ನೋಡಿದ. ಸಾಹೇಬರು ಕಣ್ಣಲ್ಲೇ ತೆಗಿ ಅಂದರು. ತೆಗೆದ.

ಗಾಳಿ ನುಗ್ಗಿತು. ಹೊಟ್ಟಿನ ಕೆಳಗೆ ಮಲಗಿದ್ದ ಕೆಂಡ ಎದ್ದು ಕೂತಿತು. ಮೀನಿನಿಂದ ಕೊಬ್ಬು ತೊಟ್ಟಿಕ್ಕುತ್ತಿತ್ತು. ಒಂದು ಹನಿಗೆ ಉರಿ ಹತ್ತಿ, ಉರಿ ಕೊಕ್ಕೆಯ ಸಾಲು ಹಿಡಿದು ಮೇಲೇರಿತು. ಹೊಸ ಸುಣ್ಣ ಚಟಚಟ ಸಿಡಿದು ಫೋಟೊದವನ ಕೆನ್ನೆ ಸುಟ್ಟಿತು. ಅಣ್ಣ ಉರಿಯೊಳಗೆ ಕೈ ಹಾಕಿ ಮೀನಿನ ಸರಳುಗಳನ್ನು ಎಳೆದೆಳೆದು ಹೊರಗೆಸೆದ. ಅವನ ಹುಬ್ಬು ಸುಟ್ಟಿತು, ಅಂಗೈ ಬೊಬ್ಬೆ ಎದ್ದಿತು. ಕಡೆಗೆ ಬೇರೆ ದಾರಿ ಕಾಣದೆ ಉಪ್ಪುನೀರಿನ ಬಕೆಟ್ಟು ಎತ್ತಿ ಒಲೆಗೆ ಸುರಿದ. ಹಬೆ ಎದ್ದಿತು. ಹಬೆ ಇಳಿದಾಗ ಒಲೆಯಲ್ಲಿ ಕರಿ ಕೆಸರು ಬಿಟ್ಟು ಏನೂ ಇರಲಿಲ್ಲ. ಅರೆಬೆಂದ ಮೀನು ಅಂಗಳದಲ್ಲಿ ಬಿದ್ದಿತ್ತು. ಬೇಗ ಹೊಗೆಗೆ ಹಾಕದಿದ್ದರೆ ಅದು ಕೆಡುತ್ತದೆ, ಅದರ ಜೊತೆ ಊರಿನ ಹೆಸರೂ ಕೆಡುತ್ತದೆ.

ಅಣ್ಣ ಹೆಂಡತಿಯ ಕೈಗೆ ಬಾಂಡ್ಲಿ ಕೊಟ್ಟ. ಎಲ್ಲಿಗೆ ಎಂದು ಹೇಳಲಿಲ್ಲ.

ಅತ್ತಿಗೆ ಬಯಲು ಸೀಮೆಯ ಕಡೆಯಿಂದ ಮದುವೆಯಾಗಿ ಬಂದವಳು. ಅವಳು ಮುಟ್ಟಿದರೆ ಹೊಗೆ ಹೋಗಿ ಉರಿಯಾಗುತ್ತದೆ ಎಂದು ಅಣ್ಣ ಅವಳನ್ನು ಇಷ್ಟು ವರ್ಷ ಒಲೆಯ ಹತ್ತಿರ ಬಿಟ್ಟಿರಲಿಲ್ಲ. ಮೀನು ಸೀಳುವುದಷ್ಟೇ ಅವಳ ಪಾಲು. ಅವಳು ಬೀದಿಯುದ್ದ ಓಡಿ ಬಂದು ಮಣ್ಣು ಮನೆಯ ಬಾಗಿಲಲ್ಲಿ ನಿಂತಳು. ಬಾಂಡ್ಲಿ ಮುಂದೆ ಚಾಚಿದಳು.

“ಕೊಡಬೇಡ ಕಣೇ,” ಎಂದ ಐಸಪ್ಪ. “ನಿನ್ನ ಕೈ ಮುರಿದವನ ಒಲೆ ಅದು. ಆರಲಿ ಬಿಡು. ಸಂಘದ ಹೆಸರೂ ಆರಲಿ.”

ತಂಗಿ ಅತ್ತಿಗೆಯನ್ನು ನೋಡಿದಳು. ಬೆರಳು ಜುಮ್ಮೆಂದಿತು, ಬಟ್ಟೆಯೊಳಗೆ ಮೂಳೆ ಇನ್ನೂ ಕೂಡಿರಲಿಲ್ಲ. ಇಲ್ಲ ಅನ್ನಲು ಅವಳಿಗೆ ಆಸೆಯಿತ್ತು. ಎಷ್ಟು ಆಸೆ ಎಂದರೆ ಬಾಯಿ ನೀರೂರಿತು.

“ಕೇಳ್ತಿದ್ದೀರಾ ಅತ್ತಿಗೆ?”

“ಕೇಳಬಾರದು ಅಂದುಕೊಂಡೇ ಬಂದೆ. ಬಾಂಡ್ಲಿ ಕೈಲಿತ್ತಲ್ಲ.”

“ನನ್ನ ಕೈ ಮುರಿದಿದೆ, ಒಲೆ ಮುರಿದಿಲ್ಲ. ಹಿಡೀರಿ.”

ಎಡಗೈಯಲ್ಲಿ ಸಲಿಕೆ ಹಿಡಿದು ಅವಳು ಒಲೆಯ ನಡುವಿನ ಕೆಂಡವನ್ನೇ ತೋಡಿ ಕೊಟ್ಟಳು, ಅಂಚಿನದ್ದಲ್ಲ.

ಆಮೇಲೆ ನಡೆದದ್ದು ಆ ಕಸುಬಿನವರು ಮಾತ್ರ ಮಾಡಬಲ್ಲ ತಪ್ಪು. ಅಣ್ಣನ ಹೊಗೆಮನೆಯಲ್ಲಿ ವಕೀಲೆ, ಸಾಹೇಬರು, ದುಭಾಷಿ ಎಲ್ಲರೂ ನಿಂತಿದ್ದರು. ಒಲೆಯ ಕೆಸರು ಬಳಿದು ತೆಗೆದಾಗಿತ್ತು. ಅತ್ತಿಗೆ ತಂದ ಬಾಂಡ್ಲಿಯನ್ನು ಅಣ್ಣ ಬೊಬ್ಬೆ ಎದ್ದ ಕೈಯಲ್ಲಿ ಇಸಿದುಕೊಂಡು, ಬಗ್ಗಿ, ಕೆಂಡವನ್ನು ಒಲೆಗೆ ಸುರಿದ. ಸುರಿಯುವಾಗ ಅಜ್ಜ ಕೂಗಿದ ಹಾಗೆ, ಅಪ್ಪ ಕೂಗಿದ ಹಾಗೆ, ಯೋಚನೆಯೇ ಇಲ್ಲದೆ, ಗಟ್ಟಿಯಾಗಿ ಕೂಗಿದ:

“ತಂಗಿಯ ಕೆಂಡ.”

ವಕೀಲೆ ದುಭಾಷಿಯ ಕಡೆ ತಿರುಗಿದಳು. ಅವನು ಸಂಬಳ ತೆಗೆದುಕೊಳ್ಳುವುದೇ ಅದಕ್ಕೆ, ತಿರುಗಿಸಿ ಹೇಳಿದ. ತುಂಬ ಸೊಗಸಾದ ಪದ್ಧತಿ ಎಂದಳು ಅವಳು. ಆ ತಂಗಿಯ ಹೊಗೆಮನೆಯನ್ನೂ ನೋಡಬಹುದೇ, ಅದೂ ಇಟ್ಟಿಗೆಯದೇ ಎಂದು ಕೇಳಿದಳು. ಹೊರಗೆ ನಿಂತಿದ್ದ ಸಂಘದವರು ತಮ್ಮ ತಮ್ಮ ಕಾಲು ನೋಡಿಕೊಂಡರು. ಸುಣ್ಣ ಬಳಿದ ಬೀದಿಯ ಕೊನೆಯಲ್ಲಿ ಒಂದೇ ಒಂದು ಮನೆಯ ಸಂದಿಯಿಂದ ಹೊಗೆ ಏಳುತ್ತಿತ್ತು, ಮತ್ತು ಆ ಮನೆಯ ಗೋಡೆ ಯಾವ ದೇಶದವರು ನೋಡಿದರೂ ಮಣ್ಣೇ. ನಿಯಮದ ಒಳಗಿನ ಮೀನಿಗೆ ನಿಯಮದ ಹೊರಗಿನ ಬೆಂಕಿ ಎಂದು ಬರೆದುಕೊಂಡು ವಕೀಲೆ ಬೂಟು ತೊಳೆದುಕೊಂಡಳು.

ಬಂದರು ಕಚೇರಿಯ ಮೇಲಂತಸ್ತಿನಲ್ಲಿ ಮಾತುಕತೆ ಮುಗಿಯುವವರೆಗೂ ಅಣ್ಣ ಕೆಳಗೆ ಹರಾಜು ಶೆಡ್ಡಿನಲ್ಲಿ ಹೊಸ ಮೀನಿನ ಪೆಟ್ಟಿಗೆ ಇಟ್ಟುಕೊಂಡು ಕಾದ. ಬಿಸಿಲು ಇಳಿಯುವ ಹೊತ್ತಿಗೆ ನೋಡೋಣ ಸಾಹೇಬರು ಮೆಟ್ಟಿಲಿಳಿದು ಬಂದರು. ಮೀನನ್ನು ನೋಡಲಿಲ್ಲ. ಆ ಹೆಸರು ಕೈಬಿಟ್ಟಾಯಿತು, ಏನು ಮಾಡೋಕಾಗುತ್ತೆ, ನೀವೇ ಬರೆದ ನಿಯಮ ನೀವೇ ಮುರಿದ್ರಿ ಎಂದು, ಕಾರಿನ ಬಾಗಿಲ ಕಡೆ ನಡೆದರು.

ಅಣ್ಣ ಅವರ ಟೈ ಹಿಡಿದು ಹಿಂದಕ್ಕೆಳೆದ. ದೊಡ್ಡ ಮನುಷ್ಯರು ಕುತ್ತಿಗೆಗೆ ತಾವೇ ಹಗ್ಗ ಕಟ್ಟಿಕೊಂಡು ತಿರುಗುವುದು ಇಂಥ ಹೊತ್ತಿಗೆ ಅನುಕೂಲ. ಎಳೆದುಕೊಂಡು ಹೋಗಿ, ಮೀನು ನೆನೆಸುವ ಪೀಪಾಯಿಯ ಉಪ್ಪುನೀರಿಗೆ ತಲೆ ಅದ್ದಿದ. ಎತ್ತಿದ. ಮತ್ತೆ ಅದ್ದಿದ. ಸಾಹೇಬರ ಕಾಲು ನೆಲ ಬಡಿಯಿತು.

“ನಿಯಮ ಬರೆದ್ರೆ ಹೆಸರು ಉಳಿಯುತ್ತೆ ಅಂದ್ರಿ. ಈಗ ಯಾಕಿಲ್ಲ? ಬಾಯಿ ಬಿಡಿ.”

“ಟೈರು,” ಎಂದರು ಸಾಹೇಬರು ಉಪ್ಪು ಕಾರುತ್ತ. “ನಮ್ಮ ಟೈರಿಗೆ ಸುಂಕ ಇಳಿಸ್ತಾರೆ. ಅದಕ್ಕೆ ಬದಲು ಏನಾದ್ರೂ ಬಿಡಬೇಕಿತ್ತು.”

“ಕೆಂಡ ತರದೇ ಇದ್ದಿದ್ರೆ?”

“ಆಗಲೂ ಅಷ್ಟೇ. ಇಲ್ಲಿಗೆ ಬರೋ ಮುಂಚೆನೇ ಮಾತಾಗಿತ್ತು. ಒಂದು ಕಾರಣ ಬೇಕಿತ್ತು, ನೀವೇ ಕೊಟ್ರಿ.”

ಅಣ್ಣನ ಕೈ ಸಡಿಲವಾಯಿತು. ತಂಗಿಯ ಕೈ ಮುರಿದದ್ದು, ಗೋಡೆ ಕೆರೆದದ್ದು, ಪೆಟ್ಟಿಗೆ ಕೆತ್ತಿದ್ದು ಎಲ್ಲ ಯಾರದೋ ಗಾಡಿಯ ಚಕ್ರಕ್ಕೆ. ಆಮೇಲೆ ಅವನು ಮೂರನೇ ಸಲ ಅದ್ದಿದ, ಮತ್ತು ಈ ಸಲ ಎತ್ತುವ ಮನಸ್ಸಿರಲಿಲ್ಲ. ಎತ್ತಿದ್ದು ಪೊಲೀಸರು.

ಠಾಣೆಯಲ್ಲಿ ಅವನನ್ನು ಬೆಂಚಿಗೆ ಕಟ್ಟಿ ಅಂಗಾಲಿಗೆ ಹೊಡೆದರು. ಅಂಗಾಲು ಒಡೆದ ಮೇಲೆ ಮೊಣಕಾಲಿಗೆ ಬಂದರು. ಒಬ್ಬ ಪೇದೆ ಹೊಡೆಯುತ್ತಲೇ, ನಮ್ಮ ಮನೇಲೂ ನಿಮ್ಮೂರ ಮೀನೇ ತಿನ್ನೋದು ಕಣಯ್ಯಾ, ಏನು ರುಚಿ ಅದು ಎಂದನಂತೆ. ಬಲ ಮೊಣಕಾಲು ಮತ್ತೆ ಮಡಿಸದ ಹಾಗಾಯಿತು. ಅವನ ಹೊಗೆಮನೆಗೆ ಬೀಗ ಜಡಿದು ಮೊಹರು ಹಾಕಿದರು.

ಇತ್ತ ಊರು ಒಬ್ಬ ಅಪರಾಧಿಯನ್ನು ಹುಡುಕಿತು. ಸಾಹೇಬರು ಕಾರಿನಲ್ಲಿ ಹೋಗಿದ್ದರು, ಒಪ್ಪಂದ ಕೈಗೆ ಸಿಗುವ ವಸ್ತುವಲ್ಲ. ಕಲ್ಲು ತಾಗುವ ದೂರದಲ್ಲಿ ಇದ್ದದ್ದು ತಂಗಿಯ ಮನೆ. ಕೊಡದಿದ್ದರೆ ಪಾಪಿ, ಕೊಟ್ಟದ್ದಕ್ಕೆ ದ್ರೋಹಿ. ಹಾಡಹಗಲೇ ಕಲ್ಲು ಬಿತ್ತು. ಮಣ್ಣು ಗೋಡೆ ಕಲ್ಲನ್ನು ನುಂಗಿ ಸುಮ್ಮನಾಯಿತು, ಐಸಪ್ಪನ ತಲೆ ಸುಮ್ಮನಾಗಲಿಲ್ಲ. ಅವನು ರಕ್ತ ಸುರಿಸುತ್ತ, ಗಡ್ಡೆ ಕೊಯ್ಯುವ ಗರಗಸ ಹಿಡಿದು ಬಾಗಿಲಲ್ಲಿ ನಿಂತು, ಬನ್ನಿ, ಐಸು ಕೊಯ್ದು ಕೊಯ್ದು ಬೇಜಾರಾಗಿದೆ ಎಂದ. ಇಡೀ ಆಯುಷ್ಯದಲ್ಲಿ ಅವನು ಯಾರ ಮೇಲೂ ಕೈ ಎತ್ತಿದವನಲ್ಲ. ಗುಂಪು ಹಿಂದೆ ಸರಿಯಿತು. ತಂಗಿ ಒಳಗೆ ಹೊಟ್ಟು ತೋಯಿಸುತ್ತಿದ್ದಳು. ಕಲ್ಲಿನ ಸದ್ದಿಗೆ ಮೀನು ಕೊಕ್ಕೆಯಲ್ಲಿ ಅಲುಗುತ್ತಿತ್ತು.

ಮಳೆಗಾಲ ಕಳೆಯುವಷ್ಟರಲ್ಲಿ ಒಪ್ಪಂದ ಜಾರಿಗೆ ಬಂತು. ಹೆಸರನ್ನು ಸಮುದ್ರದಾಚೆಯ ಕಾರ್ಖಾನೆ ತನ್ನ ಹೆಸರಿಗೆ ನೋಂದಾಯಿಸಿಕೊಂಡಿತು. ಹಡಗಿಗೆ ಹೋಗಿದ್ದ ಸಂಘದ ಪೆಟ್ಟಿಗೆಗಳನ್ನು ಬಂದರಿನಲ್ಲಿ ತಡೆದರು: ಊರಿನ ಹೆಸರು ಬಳಸಲು ಊರಿಗೆ ಹಕ್ಕಿಲ್ಲ. ಪೆಟ್ಟಿಗೆಗಳನ್ನು ಅಂಗಳದಲ್ಲಿ ಹರವಿ ಬುಲ್ಡೋಜರ್ ಓಡಿಸಿದರು. ಊರವರನ್ನು ತಂತಿಬೇಲಿಯ ಆಚೆ ನಿಲ್ಲಿಸಿ ತೋರಿಸಿದರು. ತಾಮ್ರದ ಬಣ್ಣದ ಮೀನು ಮರದ ಸಿಬುರಿನ ಜೊತೆ ಅರೆದು ರಾಡಿಯಾಯಿತು. ಬೇಲಿ ಹಾರಿದ ಒಬ್ಬ ಮುದುಕನ ಬೆನ್ನಿಗೆ ಕಾವಲಿನವರು ಬಂದೂಕಿನ ಹಿಡಿಯಿಂದ ಗುದ್ದಿದರು. ಅವನು ಆ ಮೀನಿನ ರಾಡಿಯೊಳಗೇ ಬಿದ್ದು, ಏಳಲಿಲ್ಲ. ಹೆಣ ಹೊತ್ತು ತಂದವರ ಅಂಗಿಯಲ್ಲೆಲ್ಲ ಹೊಗೆಮೀನಿನ ವಾಸನೆ.

ಅದೇ ಬಂದರಿನ ದೊಡ್ಡ ಗೋದಾಮಿಗೆ ಕಾರ್ಖಾನೆಯ ಬಣ್ಣದ ಮೀನು ಬಂದಿಳಿಯಿತು. ಚಂದದ ರಟ್ಟಿನ ಡಬ್ಬ, ಮೇಲೆ ಊರಿನ ಹೆಸರು, ಪಕ್ಕದಲ್ಲಿ ಮಣ್ಣುಗೋಡೆಯ ಹೊಗೆಮನೆಯೊಂದರ ಚಿತ್ರ. ಫೋಟೊದವನು ಹೋಗುವಾಗ ತಂಗಿಯ ಮನೆಯದನ್ನೂ ತೆಗೆದುಕೊಂಡು ಹೋಗಿದ್ದ.

ಪರೀಕ್ಷೆಯ ದಿನ ಅಣ್ಣನ ಒಲೆಯಿಂದ ಕೆಂಡ ತಂದು ಹೊತ್ತಿಸಿಕೊಂಡಿದ್ದ ಇಟ್ಟಿಗೆ ಮನೆಗಳ ಒಲೆ ಒಂದೊಂದಾಗಿ ಆರಿದವು. ಆರಿದ ಮೇಲೆ ಯಾರೂ ಬಾಂಡ್ಲಿ ಹಿಡಿದು ಹೊರಡಲಿಲ್ಲ. ಮಾರುವುದಕ್ಕಿಲ್ಲದ ಮೀನಿಗೆ ಹೊಗೆ ಯಾಕೆ. ಹೆಸರು ಮೊದಲೇ ಕಳೆದುಕೊಂಡಿದ್ದವಳ ಒಲೆ ಮಾತ್ರ ಉರಿಯುತ್ತಿತ್ತು. ಅನಾಥ ಮೀನಿಗೆ ಬೀದಿಯಲ್ಲಿ ಗಿರಾಕಿ ಇದ್ದರು.

ಒಂದು ಮಧ್ಯಾಹ್ನ ಅವಳು ಮೀನು ತಿರುಗಿಸಿ ಹಾಕುತ್ತಿದ್ದಾಗ ಬಾಗಿಲಿಗೆ ನೆರಳು ಬಿತ್ತು. ಅಣ್ಣ. ಜಾಮೀನಿನ ಮೇಲೆ ಬಿಟ್ಟಿದ್ದರು. ಕಂಕುಳಲ್ಲಿ ಊರುಗೋಲು, ಕೈಯಲ್ಲಿ ಬಾಂಡ್ಲಿ. ಆ ಕುರ್ಚಿ ಎದ್ದ ದಿನದಿಂದ ಅವರಿಬ್ಬರೂ ಮಾತಾಡಿರಲಿಲ್ಲ. ಅವನು ಅವಳ ಬಲಗೈ ನೋಡಿದ. ಎರಡು ಬೆರಳು ಒಳಕ್ಕೆ ಮಡಿಸಿದ ಹಾಗೇ ಗಟ್ಟಿಯಾಗಿದ್ದವು. ಅವಳು ಅವನ ಕಾಲು ನೋಡಿದಳು.

“ಕೆಂಡ ಬೇಕು,” ಎಂದ.

ಅವನ ಒಲೆಗೆ ಬೀಗ ಇತ್ತು, ಮೊಹರು ಇತ್ತು. ಊರಲ್ಲಿ ಬೇರೆ ಯಾವ ಒಲೆಯೂ ಎಷ್ಟೋ ದಿನದಿಂದ ಮೀನು ಕಂಡಿರಲಿಲ್ಲ. ಬಂದರಿನ ಗೋದಾಮು ಬೀದಿಯ ತಿರುವಿನಿಂದಲೇ ಕಾಣುತ್ತಿತ್ತು. ಅವಳಿಗೆ ಎಲ್ಲ ತಿಳಿಯಿತು. ಯಾವ ಒಲೆಗೆ ಎಂದು ಕೇಳುವಂತಿರಲಿಲ್ಲ, ಕೇಳಲಿಲ್ಲ.

“ಕುಂಟಿಕೊಂಡು ಅಷ್ಟು ದೂರ ಹೋಗೋಷ್ಟರಲ್ಲಿ ತಣ್ಣಗಾಗುತ್ತೆ,” ಎಂದಳು. “ಮೇಲೆ ಬೂದಿ ಮುಚ್ಚಿ ಕೊಡ್ತೀನಿ.”

ಕೊಟ್ಟಳು. ಅವನು ಹೋಗುವಾಗ ಬಾಗಿಲಲ್ಲಿ ನಿಂತು, ಅವಳ ಗೋಡೆಯ ಮಣ್ಣಿಗೆ ಅಂಗೈ ಒತ್ತಿ, ಬೀದಿಗಿಳಿದ.

ಕಾವಲಿನವರು ಊಟಕ್ಕೆ ಕೂತ ಹೊತ್ತು. ಊರುಗೋಲಿನ ಕುಂಟ, ಕೈಯಲ್ಲಿ ಬೂದಿಯ ಬಾಂಡ್ಲಿ. ಯಾರೋ ಭಿಕ್ಷುಕ ಎಂದು ಬಿಟ್ಟರು. ಗೋದಾಮಿನ ಒಳಗೆ ಹೋಗಿ, ರಟ್ಟಿನ ಡಬ್ಬಗಳ ಸಾಲಿನ ಬುಡದಲ್ಲಿ ಬಗ್ಗಿ, ಬೂದಿ ಊದಿ, ಅವನು ಕೆಂಡ ಸುರಿದ. ಸುಮ್ಮನೆ ಸುರಿದು ಬಂದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ಕೆಂಡ ಬಾಂಡ್ಲಿಯಿಂದ ಜಾರುವಾಗ ಅವನ ಬಾಯಿ ತನ್ನ ಪಾಡಿಗೆ ತೆರೆದುಕೊಂಡಿತು. ತಗಡಿನ ಗೋದಾಮು ತುಂಬ ಅದು ಮೊಳಗಿತು:

“ತಂಗಿಯ ಕೆಂಡ.”

ಕಾವಲಿನವರು ತುತ್ತು ಬಿಟ್ಟು ಓಡಿ ಬಂದರು. ಆಗಲೇ ರಟ್ಟು ಹತ್ತಿ, ಬಣ್ಣದ ಮೀನಿನ ಎಣ್ಣೆ ಹತ್ತಿ, ಸೂರಿನವರೆಗೆ ಹೋಗಿತ್ತು. ಆ ಮೀನಿಗೆ ಹುಟ್ಟಿದ ಮೇಲೆ ಮೊದಲ ಸಲ ನಿಜವಾದ ಹೊಗೆ ತಗುಲಿತು. ಬಾಗಿಲಿಗೆ ಅಡ್ಡ ಕೂತಿದ್ದ ಅಣ್ಣನನ್ನು ಸರಳಿನಿಂದ ಹೊಡೆದು ಹೊರಗೆಳೆದರು. ತಲೆ ಸೀಳಿ ಕಣ್ಣಿನ ಮೇಲೆ ತೊಗಲು ಜೋತು ಬಿತ್ತು. ಹೊಡೆಯುತ್ತಿದ್ದವರಲ್ಲಿ ಒಬ್ಬ ಕೇಳಿದ, ಯಾರು ಆ ತಂಗಿ?

ಜೀಪು ಮಣ್ಣು ಮನೆಗೆ ಬಂದಾಗ ಅವಳು ಕೈ ತೊಳೆದುಕೊಂಡು ಕೂತಿದ್ದಳು. ಗೋದಾಮಿನ ಹೊಗೆ ಕಂಡಾಗಲೇ, ತನ್ನಣ್ಣ ಬಾಯಿ ಮುಚ್ಚಿಕೊಂಡು ಕೆಂಡ ಸುರಿಯುವ ಜಾತಿಯವನಲ್ಲ ಎಂದು ಅವಳಿಗೆ ಗೊತ್ತಿತ್ತು. ಬೀದಿಯಲ್ಲಿ ಜನ ಸೇರಿತ್ತು. ಅವಳಿಗೆ ಕಲ್ಲು ಹೊಡೆದವರೇ ಈಗ ಜೀಪಿನ ಚಕ್ರಕ್ಕೆ ಅಡ್ಡ ನಿಂತಿದ್ದರು. ಪೊಲೀಸರು ಲಾಠಿ ಬೀಸಿ ದಾರಿ ಮಾಡಿಕೊಂಡರು. ಹಲ್ಲು ಮುರಿದವು, ಒಬ್ಬ ಹೆಂಗಸು ಕಿವಿಯಿಂದ ರಕ್ತ ಸೋರುತ್ತ ಚರಂಡಿಯ ಅಂಚಿಗೆ ಕೂತಳು. ಐಸಪ್ಪನ ಗರಗಸ ಕಿತ್ತುಕೊಂಡು ಅದರ ಹಿಡಿಯಿಂದಲೇ ಅವನ ಬಾಯಿಗೆ ಕುಟ್ಟಿದರು.

ಆ ಒಲೆಯ ಬೆಂಕಿ ಮೊದಲು ಆರಿಸ್ರೋ ಎಂದ ಇನ್‌ಸ್ಪೆಕ್ಟರ್.

ಇಬ್ಬರು ಪೇದೆಗಳು ನೀರು ತರಲು ಹೋದ ಆ ಸಂದಿನಲ್ಲಿ ಅತ್ತಿಗೆ ಜನರ ಕಾಲ ಕೆಳಗಿನಿಂದ ನುಸುಳಿ ಬಾಗಿಲಿಗೆ ಬಂದಳು. ಕೈಯಲ್ಲಿ ಬಾಂಡ್ಲಿ.

“ಕೇಳ್ತಿದ್ದೀನಿ,” ಎಂದಳು.

ತಂಗಿಯ ಎರಡೂ ಕೈಯನ್ನು ಹಿಂದಕ್ಕೆ ಕಟ್ಟುತ್ತಿದ್ದರು. “ನೀವೇ ತೋಡಿಕೊಳ್ಳಿ ಅತ್ತಿಗೆ. ನಡುವಿನದ್ದು. ಹೊಟ್ಟು ಒದ್ದೆ ಇರಲಿ, ಬಾಗಿಲು ಮುಚ್ಚಿರಲಿ.”

ಅತ್ತಿಗೆ ಬರಿಗೈಯಲ್ಲೇ ಕೆಂಡ ಬಾಚಿಕೊಂಡಳು. ತೊಗಲು ಸುಟ್ಟ ವಾಸನೆ ಬಂತು. ಅವಳು ಬೀದಿಗೆ ಬಿದ್ದು ಓಡಿದಳು. ಹಿಂದೆಯೇ ಪೇದೆಗಳು ಬಂದು ಬಕೆಟ್ಟು ಸುರಿದರು. ಬಿಸಿ ಹಬೆ ಒಬ್ಬನ ಮುಖಕ್ಕೇ ಎದ್ದು ಅವನು ಕಣ್ಣು ಹಿಡಿದು ಕುಸಿದ. ಇನ್ನೂ ನೀರು ತಂದರು. ಅಪ್ಪನ ಒಲೆ, ಅಜ್ಜನ ಒಲೆ, ಕಪ್ಪು ನೀರಾಗಿ ಹೊಸ್ತಿಲು ದಾಟಿ ಹರಿಯಿತು. ತಂಗಿ ಅದನ್ನು ನೋಡುತ್ತಿದ್ದ ಹಾಗೇ ಕೂದಲು ಹಿಡಿದು ಎಳೆದು ಜೀಪಿಗೆ ಎಸೆದರು.

ಜೀಪಿನ ನೆಲದಲ್ಲಿ ಅಣ್ಣ ಬಿದ್ದಿದ್ದ. ಅವನ ರಕ್ತದಲ್ಲಿ ಅವಳ ಮಂಡಿ ಜಾರಿತು.

“ಬಾಯಿ ತಪ್ಪಿ ಬಂತು ಕಣೇ,” ಎಂದ.

“ಈಡಿಯಟ್,” ಎಂದಳು ತಂಗಿ. “ಕದ್ದದ್ದಲ್ಲ ಅಂತ ಗೊತ್ತಾಯ್ತಲ್ಲ, ಬಿಡು.”

ಜೀಪು ಹಿಂದೆ ಮುಂದೆ ಜಗ್ಗಿ, ಜನರನ್ನು ಬಂಪರಿನಿಂದ ತಳ್ಳುತ್ತ ತಿರುಗಿತು. ತೆರೆದ ಹಿಂಬದಿಯಿಂದ ಸುಣ್ಣದ ಬೀದಿ ಉದ್ದಕ್ಕೂ ಕಾಣುತ್ತಿತ್ತು. ಅಣ್ಣನ ಹೊಗೆಮನೆಯ ಮುಂದೆ ಅತ್ತಿಗೆ ಬಾಂಡ್ಲಿಯನ್ನು ಜಗಲಿಯ ಮೇಲಿಟ್ಟು, ಒಂದು ಇಟ್ಟಿಗೆ ಎತ್ತಿ, ಮೊಹರಿನ ಮೇಲೆ, ಬೀಗದ ಮೇಲೆ ಹೊಡೆಯುತ್ತಿದ್ದಳು. ಬೀಗ ಬಿತ್ತು. ಅವಳು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಒಳಗಿನಿಂದ ಅವಳ ದನಿ ಬೀದಿಗೆ ಬಂತು, ಯಾರ ಕೆಂಡ ಎಂದು ಹೇಳುವ ದನಿ. ಎದುರು ಮನೆಯ ಹೆಂಗಸು ಬಾಂಡ್ಲಿ ಹುಡುಕಲು ಒಳಗೆ ಓಡಿದಳು.

ಅಣ್ಣನಿಗೆ ತಲೆ ಎತ್ತಲಾಗುತ್ತಿರಲಿಲ್ಲ. ಒಂದು ಕಣ್ಣು ಮುಚ್ಚಿತ್ತು, ಇನ್ನೊಂದರೊಳಗೆ ರಕ್ತ ಇಳಿದಿತ್ತು.

“ಏನು ಕಾಣುತ್ತೆ?” ಎಂದ. “ಅವಳ ಕೈ ಗೊತ್ತಲ್ಲ ನಿನಗೆ. ಉರಿನಾ, ಹೊಗೆನಾ?”

ತಂಗಿ ಕತ್ತು ಚಾಚಿದಳು. ಪೇದೆ ಅವಳ ಮುಖ ಒಳಕ್ಕೆ ತಳ್ಳಿದ. ಅವಳು ಅವನ ಕೈ ಕಚ್ಚಿ, ಮತ್ತೆ ಕತ್ತು ಚಾಚಿ, ಆ ಹೊಗೆಮನೆಯ ಸೂರಿನ ಸಂದಿಯನ್ನು ಕಣ್ಣು ಕಿರಿದು ಮಾಡಿ ನೋಡಿದಳು.

“ಹೊಗೆ,” ಎಂದಳು.